ಆಟಿಕೆ ಬಿಟ್ಟು ಬಿಲ್ ಹಿಡಿದೆವು: ನಮ್ಮ ಜಾವಾ-ಯೆಜ್ಡಿ ಬಳಗದ ಲೆಕ್ಕ

"ಫೋಟೋ ಇಲ್ಲ, ಬ್ಯಾನರ್ ಇಲ್ಲ, ಮಕ್ಕಳ ಕೈಗೆ ಏನೂ ಕೊಡಲ್ಲ ಅಂದ್ರೆ ಯಾವನು ಗುರೂ ದುಡ್ಡು ಬಿಚ್ತಾನೆ?" ಅಂತ ಮೈಸೂರಿನ ನಮ್ಮ ಹಳೇ ಜಾವಾ-ಯೆಜ್ಡಿ ಬೈಕುಗಳ ಬಳಗದ ಹಿರಿಯರೇ ನಕ್ಕಿದ್ದರು. ಬೆಂಗಳೂರಿನ ಇನ್ನೊಂದು ಬಳಗದವರಂತೂ ಆರು ತಿಂಗಳಿಗೆ ನಿಂತುಹೋಗುತ್ತೆ ಅಂತ ಷರಾ ಬರೆದುಬಿಟ್ಟಿದ್ದರು. ಈಗ ಮೂರನೇ ವರ್ಷ ನಡೀತಿದೆ. ವರ್ಷಕ್ಕೆ ಹೆಚ್ಚುಕಮ್ಮಿ 1.9 ಲಕ್ಷ ಎರಡು ಕಡೆ, ಒಂದು ಮಕ್ಕಳ ಆಶ್ರಮ, ಒಂದು ಕಿವಿ ಕೇಳದ ಮಕ್ಕಳ ಶಾಲೆ, ದಿನದ ಖರ್ಚಿಗೆ ಹೋಗ್ತಿದೆ. ಮೊನ್ನೆ ಅದೇ ಬೆಂಗಳೂರಿನವರು ಫೋನ್ ಮಾಡಿ "ಹೇಗೆ ಮಾಡ್ತೀರಿ, ಸ್ವಲ್ಪ ಬರೆದು ಕಳಿಸಿ" ಅಂದರು. ಅದಕ್ಕೇ ಈ ಬರಹ. ರೈಡ್ ಏರ್ಪಾಡು, ಪರವಾನಗಿ, ಮುಂದೊಬ್ಬ ಹಿಂದೊಬ್ಬ ಮಾರ್ಷಲ್, ಅದೆಲ್ಲ ನಿಮಗೆ ಗೊತ್ತಿರೋದೇ, ಬಿಟ್ಟುಬಿಡ್ತೀನಿ.

ಮೊದಲು ನಾವೂ ಎಲ್ಲರಂತೆ ಗಾಡಿಯಲ್ಲಿ ಹೋಗಿ ಮಕ್ಕಳಿಗೆ ಆಟಿಕೆ ಹಂಚೋ ರೈಡ್ ಮಾಡ್ತಿದ್ದವರೇ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಈ ಗಾಡಿಗಳು ತಯಾರಾಗ್ತಿದ್ದ ಯಾದವಗಿರಿಯ ಹಳೇ ಫ್ಯಾಕ್ಟರಿ ಕಡೆ ಸೇರೋದು, ಊರು ಒಂದು ಸುತ್ತು, ಆಮೇಲೆ ಯಾವುದಾದರೂ ಮಕ್ಕಳ ಆಶ್ರಮ. ಒಂದು ವರ್ಷ 70 ಗಾಡಿ ಸಾಲಾಗಿ ಆಶ್ರಮದ ಅಂಗಳಕ್ಕೆ ನುಗ್ಗಿತು. ಪೆಟ್ರೋಲ್ ಜೊತೆ ಆಯಿಲ್ಲೂ ಸುಡೋ ಟೂ-ಸ್ಟ್ರೋಕ್ ಎಂಜಿನ್ ಹೊಗೆ ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಸ್ವಾಗತಕ್ಕೆ ನಿಂತಿದ್ದ ಮಕ್ಕಳು ಕೆಮ್ಮುತ್ತಾ ಒಳಗೆ ಓಡಿದವು. ಕೊಟ್ಟ ರಿಮೋಟ್ ಕಾರುಗಳ ಸೆಲ್ ವಾರದೊಳಗೆ ಖಾಲಿ, ಹೊಸ ಸೆಲ್ ತರೋಕೆ ಅಲ್ಲಿ ದುಡ್ಡಿಲ್ಲ. ರಾತ್ರಿ ಖಜಾಂಚಿ ಲೆಕ್ಕ ಹಾಕಿದ. ಆಟಿಕೆಗೆ ಸುಮಾರು 22,000. ನಾವು ಸುಟ್ಟ ಪೆಟ್ರೋಲ್, ಆಯಿಲ್ ಸೇರಿ ಗಾಡಿಗೆ 400ರಂತೆ ಇಟ್ಟರೂ 28,000. ಇದಕ್ಕಿಂತ ಮನೇಲಿ ಮಲಗಿದ್ದು ದುಡ್ಡು ಕಳಿಸಿದ್ದರೆ ವಾಸಿಯಿತ್ತು.

ಆಮೇಲೆ ದೊಡ್ಡ ಕಂಪನಿಯೊಂದರ ಸಿಎಸ್ಆರ್, ಅಂದರೆ ಸಮಾಜಸೇವೆಗೆ ಅಂತ ಎತ್ತಿಡೋ ದುಡ್ಡಿನ ಹಿಂದೆ ಬಿದ್ದೆವು. ಅವರಿಗೆ ಮಕ್ಕಳ ಜೊತೆ ಫೋಟೋ ಬೇಕೇ ಬೇಕು, ಮುಖ ಕಾಣಬೇಕು. ಪಾಲನಾ ಸಂಸ್ಥೆಯಲ್ಲಿರೋ ಮಕ್ಕಳ ಗುರುತು ಬಯಲು ಮಾಡೋದನ್ನ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ನಾವು ಕಾಯ್ದೆ ಪ್ರತಿ ಮುಂದಿಟ್ಟೆವು, ಅವರು ಫೋನ್ ಎತ್ತೋದು ಬಿಟ್ಟರು. ನಾಲ್ಕು ತಿಂಗಳ ಓಡಾಟ ನೀರುಪಾಲು.

ಇನ್ನು ಸಂಸ್ಥೆ ಆರಿಸೋ ವಿಷಯ. ಮಕ್ಕಳು ಅಲ್ಲೇ ಉಳಿಯೋ ಜಾಗ ಆದರೆ ಅದೇ ಕಾಯ್ದೆಯ 41ನೇ ಕಲಮಿನ ನೋಂದಣಿ ಪತ್ರ ಮೊದಲು. ಅದಕ್ಕೆ ಐದು ವರ್ಷದ ಅವಧಿ ಇರುತ್ತೆ, ತಾರೀಕು ನೋಡಿ. ಅನುಮಾನ ಬಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಒಂದು ಕಡೆ "ಸ್ವಾಮೀಜಿ ಆಶೀರ್ವಾದ ಇದೆ, ನೋಂದಣಿ ಯಾಕೆ?" ಅಂದರು. ಕಾಫಿ ಕುಡಿದು ಎದ್ದು ಬಂದೆವು. ಆದರೆ ಕಾಗದ ನೋಡಿ ಯಾರನ್ನೂ ಆರಿಸೋಕೆ ಆಗಲ್ಲ, ಬೇಡದವರನ್ನ ಬಿಡಬಹುದು ಅಷ್ಟೇ. ಆರಿಸೋದು ಉಗ್ರಾಣ ನೋಡಿ. ಆಫೀಸ್ ರೂಮಿನಲ್ಲಿ ಕೂರಬೇಡಿ, ನೇರ ಅಡುಗೆಮನೆಗೆ ಹೋಗಿ.

ನಾವು ಕೊನೆಗೆ ಒಪ್ಪಿದ ಆಶ್ರಮದ ಉಗ್ರಾಣದಲ್ಲಿ ಆಗ ಕಂಡದ್ದು: ಯಾರೂ ಹೊದೆಯದ ಹೊಸ ಕಂಬಳಿ ಮೂಟೆ, ಒಂದು ಬೀರು ತುಂಬಾ ಜಾಮಿಟ್ರಿ ಬಾಕ್ಸ್, ಎಣ್ಣೆ ಡಬ್ಬದ ತಳದಲ್ಲಿ ಎರಡು ಬೆರಳಷ್ಟು ಎಣ್ಣೆ. ಅಡುಗೆ ಅಕ್ಕ ಹೇಳಿದ್ದು ಇಷ್ಟು: "ನವೆಂಬರ್ ಬಂತೂಂದ್ರೆ ದಿನಾ ಯಾರಾದ್ರೂ ಸ್ವೀಟು ತರ್ತಾರೆ ಅಣ್ಣ, ಮಕ್ಕಳಿಗೆ ಹೊಟ್ಟೆ ಕೆಡುತ್ತೆ. ಜೂನ್‌ನಲ್ಲಿ ಒಬ್ರೂ ಈ ಕಡೆ ತಲೆ ಹಾಕಲ್ಲ." ಹುಟ್ಟುಹಬ್ಬದ ಊಟಕ್ಕೆ ಜನ ಮುಗಿಬೀಳ್ತಾರೆ, ಗ್ಯಾಸು, ಕರೆಂಟು, ಆಸ್ಪತ್ರೆಗೆ ಆಟೋ ಬಾಡಿಗೆ ಯಾರಿಗೂ ಬೇಡ. ನಾವು ಅಡುಗೆಯವರಿಗೆ ಕೇಳೋ ಪ್ರಶ್ನೆ ಇನ್ನೊಂದಿದೆ. ಅದರ ಉತ್ತರದಲ್ಲೇ ಸಂಸ್ಥೆಯ ಹಣೆಬರಹ ಗೊತ್ತಾಗುತ್ತೆ. ಅದನ್ನ ಇಲ್ಲಿ ಬರೆಯಲ್ಲ, ಬರೆದರೆ ನಾಳೆಯಿಂದ ಎಲ್ಲ ಕಡೆ ಉತ್ತರ ಬಾಯಿಪಾಠ ಆಗಿರುತ್ತೆ.

ಮೊದಲ ಮೂರು ತಿಂಗಳು ಬರೀ ಕರೆಂಟ್ ಬಿಲ್ಲು ಮತ್ತು ಆಟೋ. ಬಿಲ್ ನಮ್ಮ ಕೈಗೆ, ದುಡ್ಡು ನೇರ ಕಟ್ಟೋದು. ಮೂರು ತಿಂಗಳು ಬಿಲ್ ಸರಿಯಾಗಿ ಬಂದರೆ ಮುಂದಿನ ಮಾತು. ಮಳೆಗಾಲದಲ್ಲಿ ಅಲ್ಲಿ ಕಜ್ಜಿ ಎದ್ದಿತು. ಕೆರೆಯುತ್ತಿದ್ದ ಆರೇಳು ಮಕ್ಕಳಿಗೆ ಮಾತ್ರ ಮುಲಾಮು ಹಚ್ಚಿದ್ದರು, ಹದಿನೈದು ದಿನಕ್ಕೆ ಮತ್ತೆ ಶುರು. ಚರ್ಮದ ಡಾಕ್ಟರು ಹೇಳಿದ್ದು, ಒಂದೇ ರಾತ್ರಿ ಎಲ್ಲರೂ ಹಚ್ಚಿಕೊಳ್ಳಬೇಕು, ವಾರ್ಡನ್, ಅಡುಗೆಯವರು ಸಮೇತ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ವಾರ ಬಿಟ್ಟು ಇನ್ನೊಮ್ಮೆ. 30 ಜನಕ್ಕೆ ಎರಡು ಸಲಕ್ಕೆ ಐದಾರು ಸಾವಿರ ಆಯ್ತು ಅಂತ ನೆನಪು. ಕಜ್ಜಿ ಹೋಯ್ತು. ಈ ಮುಲಾಮಿನ ಟ್ಯೂಬ್ ಹಿಡಿದು ಫೋಟೋ ತೆಗೆಸಿಕೊಳ್ಳೋ ದಾನಿ ಎಲ್ಲಾದರೂ ಇದ್ದಾರಾ?

ಎರಡನೇ ಜಾಗ ಕಿವಿ ಕೇಳದ ಪುಟ್ಟ ಮಕ್ಕಳ ಶಾಲೆ. ತಾಯಂದಿರೂ ತರಗತಿಯಲ್ಲೇ ಕೂತು ಮಾತು ಕಲಿಸುತ್ತಾರೆ. 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿ ಇರೋದರಿಂದ ಇಂಥ ಕುಟುಂಬಗಳು ಚಾಮರಾಜನಗರ, ಮಂಡ್ಯ, ಇನ್ನೂ ದೂರದಿಂದ ಬಂದು ಮೈಸೂರಲ್ಲಿ ಒಂದೊಂದು ರೂಮು ಹಿಡಿದು ಇರ್ತಾರೆ. ಶ್ರವಣ ಯಂತ್ರ ಕೊಡಿಸೋಣ ಅಂತ ಹೋದೆವು. ಅದು ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಪುಕ್ಕಟೆ ಸಿಗುತ್ತೆ. ಕಷ್ಟ ಆಗೋದು ಆಮೇಲೆ ಬೇಕಾಗೋ ಸೆಲ್ಲು ಮತ್ತು ಮೋಲ್ಡಿಗೆ. ಕಿವಿಯೊಳಗೆ ಕೂರೋ ಮೋಲ್ಡ್ ಮಗು ಬೆಳೆದ ಹಾಗೆ ಸಡಿಲ ಆಗುತ್ತೆ, ಯಂತ್ರ ಕೀಂ ಅಂತ ಕೂಗೋಕೆ ಶುರು ಮಾಡುತ್ತೆ. ಆಗ ಅಮ್ಮ ಸೌಂಡ್ ಕಮ್ಮಿ ಮಾಡ್ತಾಳೆ, ಮಗುವಿಗೆ ಕೇಳಲ್ಲ. ಹೊಸ ಮೋಲ್ಡ್‌ಗೆ ಕೆಲವು ನೂರು ರೂಪಾಯಿ. ಸೆಲ್ ಜಿಂಕ್-ಏರ್, ಆರರ ಒಂದು ಪಟ್ಟಿಗೆ 200ರ ಆಸುಪಾಸು, ಒಂದು ಸೆಲ್ ವಾರ ಹತ್ತು ದಿನ. ಎರಡೂ ಕಿವಿಗೆ ಲೆಕ್ಕ ಹಾಕಿ. ದಿನಗೂಲಿ ಮನೆಯವರು ಸೆಲ್ ಉಳಿಸೋಕೆ ಮನೇಲಿ ಯಂತ್ರ ಬಿಚ್ಚಿಡ್ತಿದ್ದರು. ಯಂತ್ರ ಇದ್ದೂ ಮಗು ಸಂಜೆಯೆಲ್ಲ ಮೌನದಲ್ಲಿ. ಈಗ 20 ಮಕ್ಕಳ ಸೆಲ್ ನಮ್ಮದು. ಖಾಲಿ ಪಟ್ಟಿ ತಂದುಕೊಟ್ಟರೆ ಹೊಸದು.

ಇಲ್ಲೊಂದು ಅಡ್ಡ ಪ್ರಯೋಗ. ಮಳೆಗಾಲದಲ್ಲಿ ಯಂತ್ರದೊಳಗೆ ತೇವ ಸೇರಿ ಹಾಳಾಗ್ತಿತ್ತು. ಗಾಡಿಯ ಪಾಯಿಂಟ್ಸ್, ಕಂಡೆನ್ಸರ್ ಅನ್ನೋ ಇಗ್ನಿಷನ್ ಭಾಗ ಇಡೋಕೆ ನಾವು ತೇವ ಹೀರೋ ಸಿಲಿಕಾ ಜೆಲ್ ಹಾಕಿದ ಡಬ್ಬ ಇಟ್ಟುಕೊಳ್ಳಲ್ವಾ, ಅದನ್ನೇ ಮಕ್ಕಳಿಗೂ ಮಾಡೋಣ ಅಂತ ಸಣ್ಣ ಸ್ಟೀಲ್ ಡಬ್ಬಿ ತಂದೆವು. ನೀಲಿ ಜೆಲ್ ಬೇಡ, ಅದರ ಬಣ್ಣದ ರಾಸಾಯನಿಕ ಮಕ್ಕಳಿಗೆ ಒಳ್ಳೇದಲ್ಲ ಅಂತ ಕಿವಿ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಮೇಡಂ ತಡೆದರು, ಕಿತ್ತಳೆ ಬಣ್ಣದ್ದು ಹಾಕಿದೆವು. ಡಬ್ಬಿಯೊಳಗೆ ಇಡುವಾಗ ಸೆಲ್ ತೆಗೆದಿಡಬೇಕು, ಇಲ್ಲಾಂದ್ರೆ ಸೆಲ್ ಒಣಗುತ್ತೆ. ಡಬ್ಬಿ ಒಂದಕ್ಕೆ 60 ರೂಪಾಯಿ ದಾಟಲಿಲ್ಲ. ಆ ವರ್ಷ ರಿಪೇರಿಗೆ ಹೋದ ಯಂತ್ರ ಕಣ್ಣಿಗೆ ಕಾಣುವಷ್ಟು ಕಮ್ಮಿ ಆಯ್ತು.

ಆ ಶಾಲೆಗೆ ಗಾಡಿ ಒಂದೇ ತಗೊಂಡು ಹೋಗೋದು ನಮ್ಮ ನಿಯಮ. ಒಂದು ಸಲ ನನ್ನ ಯೆಜ್ಡಿ ರೋಡ್‌ಕಿಂಗ್ ಎಂಜಿನ್ ಚಾಲೂ ಇದ್ದು ಐಡಲ್‌ನಲ್ಲಿ ನಿಂತಿದ್ದಾಗ ನಾಲ್ಕು ವರ್ಷದ ಹುಡುಗಿ ಬಂದು ಟ್ಯಾಂಕಿನ ಮೇಲೆ ಅಂಗೈ ಒತ್ತಿ ನಿಂತಳು. ಎಂಜಿನ್ ನಿಲ್ಲಿಸಿದರೆ ನನ್ನ ಕಡೆ ನೋಡೋದು, ಕಿಕ್ ಹೊಡೆದರೆ ಮತ್ತೆ ಅಂಗೈ ಒತ್ತೋದು. ಅವರಮ್ಮ ಅದನ್ನೇ ಪಾಠ ಮಾಡಿಕೊಂಡು "ಗಾಡಿ, ಗಾಡಿ ಹೋಗು" ಅಂತ ಇಪ್ಪತ್ತು ಸಲ ಹೇಳಿಸಿದರು. ನನ್ನ ಬಲಗಾಲು ಸೋತುಹೋಯ್ತು.

ದುಡ್ಡು ಎಲ್ಲಿಂದ? ಗಾಡಿಗೆ ತಿಂಗಳಿಗೆ 200. ಬಳಗದಲ್ಲಿ 60ರ ಮೇಲೆ ಗಾಡಿ, ತಪ್ಪದೆ ಕೊಡೋರು 45, ಅಂದರೆ 9,000. ಜುಲೈ ರೈಡ್ ಬದಲು ಎಂಜಿನ್ ಸರಿಹೊಂದಿಸೋ ಟ್ಯೂನಿಂಗ್ ಕ್ಯಾಂಪ್: ಗಾಡಿಗೆ 400, ಸುಮಾರು 40 ಗಾಡಿ ಬರುತ್ತೆ. 1996ರಲ್ಲಿ ಬಾಗಿಲು ಹಾಕೋವರೆಗೂ ಫ್ಯಾಕ್ಟರಿಯಲ್ಲಿ ದುಡಿದ ಹಿರಿಯರೊಬ್ಬರು ಕುರ್ಚಿ ಹಾಕಿಕೊಂಡು ಕೂರ್ತಾರೆ, ಸೌಂಡ್ ಕೇಳೇ ಟೈಮಿಂಗ್, ಅಂದರೆ ಸ್ಪಾರ್ಕ್ ಹತ್ತೋ ಹೊತ್ತು, ಎಷ್ಟು ಆಚೀಚೆ ಅಂತ ಹೇಳ್ತಾರೆ. ಅವರಿಗೋಸ್ಕರವೇ ಹಾಸನದಿಂದ ಗಾಡಿ ಬರುತ್ತೆ. ಅವರಿಂದ ಕಲಿತ ಐಡಲ್ ಕೂರಿಸೋ ಉಪಾಯ ಒಂದಿದೆ, ಬೇಕಾದೋರು 400 ಕೊಟ್ಟು ಕ್ಯಾಂಪಿಗೆ ಬನ್ನಿ. ಮೂರನೇದು ಹಳೇ ಸ್ಪೇರ್ ಹರಾಜು, ವರ್ಷಕ್ಕೆ 60-70 ಸಾವಿರ. ಪೆಟ್ಟಿಗೆಯಲ್ಲಿ ಹಾಗೇ ಉಳಿದಿದ್ದ ಒರಿಜಿನಲ್ ಸ್ಪೀಡೋಮೀಟರ್ ಒಂದು 13,000ಕ್ಕೆ ಹೋದಾಗ ಕೊಟ್ಟವನೇ ತಲೆ ಮೇಲೆ ಕೈ ಹೊತ್ತುಕೊಂಡ.

ಎಲ್ಲ ಕಡೆ ಬರೋ ತಕರಾರು 80ಜಿ, ಅಂದರೆ ದಾನಕ್ಕೆ ಸಿಗೋ ಆದಾಯ ತೆರಿಗೆ ವಿನಾಯಿತಿ. ನಾವೇ ಬಿಲ್ ಕಟ್ಟೋದರಿಂದ ಸದಸ್ಯರಿಗೆ ಆ ರಶೀದಿ ಸಿಗಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಆ ವಿನಾಯಿತಿ ಇಲ್ಲ. ಹಳೇ ಪದ್ಧತಿಯಲ್ಲಿ ಇರೋರಿಗೆ ವರ್ಷದ 2,400ರಲ್ಲಿ ಉಳಿಯೋದು ಕೆಲವು ನೂರು. ಬೇಕೇ ಬೇಕು ಅನ್ನೋ ನಾಲ್ಕೈದು ಜನ ಸಂಸ್ಥೆಯ ಖಾತೆಗೆ ನೇರ ಹಾಕ್ತಾರೆ. ನಗದು ಬೇಡ, 2,000 ದಾಟಿದರೆ ವಿನಾಯಿತಿಯೂ ಇಲ್ಲ. ಫೋಟೋ ಬದಲು ತಿಂಗಳ ಮೊದಲ ಭಾನುವಾರ ವಾಟ್ಸಾಪ್‌ಗೆ ಬಿಲ್ ಮತ್ತು ಖಾಲಿ ಸೆಲ್ ಪಟ್ಟಿಗಳ ರಾಶಿ ಹಾಕ್ತೀವಿ. ದುಡ್ಡು ಬಿಚ್ಚಲ್ಲ ಅಂತ ನಕ್ಕಿದ್ದ ಹಿರಿಯರು ಈಗ ಬಿಲ್ ಎರಡು ದಿನ ತಡ ಆದರೆ "ಏನಯ್ಯಾ, ಕರೆಂಟ್ ಕಟ್ಟಿದ್ದೀರೋ ಇಲ್ವೋ?" ಅಂತ ಬೆಳಗ್ಗೆ ಬೆಳಗ್ಗೆ ಫೋನ್ ಮಾಡ್ತಾರೆ.

ಮೂರನೇ ಸಂಸ್ಥೆ ತಗೊಳ್ಳಿ ಅಂತ ಒತ್ತಾಯ ಬರ್ತಿದೆ. ಸದ್ಯಕ್ಕೆ ಇಲ್ಲ. ಎರಡರ ಬಿಲ್ಲು ಆರು ತಿಂಗಳಿಗೆ ಆಗೋವಷ್ಟು ಖಾತೆಯಲ್ಲಿ ನಿಲ್ಲೋವರೆಗೆ ಇಲ್ಲ. ಈಗ ಇರೋದು ನಾಲ್ಕು ತಿಂಗಳಿಗೆ. ಅಟ್ಟದ ಮೇಲೆ ಕ್ರೋಮ್ ಹೋಗದ ಜೋಡಿ ಸೈಲೆನ್ಸರ್ ಇಟ್ಟುಕೊಂಡೋರು ಯಾರಾದರೂ ಇದ್ದರೆ ಜುಲೈಗೆ ಮುಂಚೆ ಹರಾಜಿಗೆ ಕಳಿಸಿ, ಲಾರಿ ಬಾಡಿಗೆ ನಮ್ಮದು.