ತಪ್ಪು ಕೊಂಬೆ ಹತ್ತಿದ ಕಪ್ಪೆ

ಕಪ್ಪೆಗಳ ನೆಂಟಸ್ತನ ಹುಡುಕುವ ಕೆಲಸಕ್ಕೆ ನಾನು ಮೊದಲು ಹೋಗಿದ್ದು ಸಕಲೇಶಪುರದ ಆಚೆ, ಕೆಂಪುಹೊಳೆ ಕಾಡಿಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಒಂದು ಪುಟ್ಟ ಕಪ್ಪೆಗೆ ಈ ಜಾಗದ ಹೆಸರನ್ನೇ ಇಟ್ಟಿದ್ದರು. ಈಗ ಅದು ನಿಕ್ಟಿಬ್ಯಾಟ್ರಕಸ್ ಕೆಂಪೊಳೆಯೆನ್ಸಿಸ್, ಅಂದರೆ ಇರುಳುಗಪ್ಪೆಗಳ ಪೈಕಿ ಒಂದು. ಅವರು ತೆಗೆದಿಟ್ಟಿದ್ದ ಮಾದರಿಗಳು ಉಳಿದಿಲ್ಲ. ಹಾಗಾಗಿ ಆ ಹೆಸರು ಯಾವ ಕಪ್ಪೆಯದು ಅಂತ ಗಟ್ಟಿ ಮಾಡಿಕೊಳ್ಳಲು ಅಲ್ಲಿಗೇ ಹೋಗಿ ಹುಡುಕಬೇಕು.

ಮಳೆಗಾಲದ ರಾತ್ರಿ. ಅನುಮತಿ ಪತ್ರ ಬ್ಯಾಗಿನಲ್ಲಿ, ಟಾರ್ಚ್ ಹಣೆಯ ಮೇಲೆ, ಕಾಲಿಗೆ ಇಂಬಳ. ಮೊದಲು ಕೂಗು ರೆಕಾರ್ಡ್ ಮಾಡಿ, ಆಮೇಲೆ ಹಿಡಿಯಬೇಕು. ಉಲ್ಟಾ ಮಾಡಿದರೆ ಕೂಗಿದ್ದು ಇದೇನಾ, ಪಕ್ಕದ್ದಾ ಅನ್ನುವ ಅನುಮಾನ ಉಳಿದುಬಿಡುತ್ತದೆ. ಹಿಡಿದ ಮೇಲೆ ಫೋಟೊ, ಮೂತಿಯಿಂದ ಹಿಂಬದಿಯವರೆಗಿನ ಅಳತೆ, ಬಾಯೊಳಗೆ ಹತ್ತಿ ಕಡ್ಡಿ ಆಡಿಸಿ ಡಿಎನ್ಎಗೆ ಒಂದಿಷ್ಟು ಜೊಲ್ಲು. ಕಡ್ಡಿ ಆಲ್ಕೋಹಾಲ್ ಇರುವ ಟ್ಯೂಬಿಗೆ, ಕಪ್ಪೆ ವಾಪಸ್ ಹಳ್ಳಕ್ಕೆ.

ಲ್ಯಾಬಿನಲ್ಲಿ 16ಎಸ್ ಅನ್ನುವ ಜೀನಿನ ಸುಮಾರು 550 ಅಕ್ಷರ ಓದಿಸಿದೆವು. ಕಪ್ಪೆಗಳ ಕೆಲಸದಲ್ಲಿ ಇದನ್ನು ಬಹಳ ಜನ ಬಳಸುತ್ತಾರೆ, ಹೋಲಿಸಲು ಬೇಕಾದಷ್ಟು ಸಿಗುತ್ತದೆ. ಎಲ್ಲವನ್ನೂ ಸಾಲಾಗಿ ಜೋಡಿಸಿ, ದೂರದ ನೆಂಟನೊಬ್ಬನನ್ನು ಹೊರಗಿನವನಾಗಿ ಸೇರಿಸಿ, ವಂಶವೃಕ್ಷ ಕಟ್ಟಿದೆವು. ಹೊರಗಿನವನು ಇಲ್ಲದಿದ್ದರೆ ಬೇರು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಮರ ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಟ್ಯೂಬ್ 17ರಲ್ಲಿ ಇದ್ದದ್ದು ಪೊದೆಗಪ್ಪೆ. ಅದು ಹೋಗಿ ಇರುಳುಗಪ್ಪೆಗಳ ಕೊಂಬೆಯ ಮಧ್ಯೆ ಕೂತಿತ್ತು! ಇಬ್ಬರಿಗೂ ಬೆರಳ ತುದಿಯಲ್ಲಿ ಅಗಲ ಬಿಲ್ಲೆ ಇರುತ್ತದೆ, ನಿಜ. ಆದರೆ ಬಿಲ್ಲೆ ನೋಡಿ ನೆಂಟಸ್ತನ ಹೇಳಲು ಆಗುವುದಿಲ್ಲ. ಹತ್ತುವ, ಅಂಟಿಕೊಳ್ಳುವ ಬದುಕು ಬೇರೆ ಬೇರೆ ಮನೆತನಗಳಿಗೆ ಅದನ್ನು ಬೇರೆ ಬೇರೆಯಾಗಿಯೇ ಕೊಟ್ಟಿದೆ. ಇರುಳುಗಪ್ಪೆಯದು ಸುಕ್ಕು ಚರ್ಮ, ವಜ್ರಾಕೃತಿಯ ಕಣ್ಣಪಾಪೆ. ಪೊದೆಗಪ್ಪೆಗೆ ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿಕಪ್ಪೆ. ಇವೆರಡರ ಕುಟುಂಬಗಳೇ ಬೇರೆ.

ಎರಡು ದಿನ ಏನೇನೋ ಕನಸು ಕಂಡೆ, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಫ್ರಿಜ್ ತೆಗೆದು ಟ್ಯೂಬ್ ಕೈಗೆತ್ತಿಕೊಂಡಾಗ ಕನಸು ಇಳಿಯಿತು. ಮಾರ್ಕರ್ ಪೆನ್ನಿನ ಅಂಕಿ ಆಲ್ಕೋಹಾಲ್ ತಾಗಿ ಅಳಿಸಿಹೋಗಿತ್ತು. ಅವತ್ತು ರಾತ್ರಿ ನಾನೇ ನೆನಪಿನಿಂದ ಮತ್ತೆ ಬರೆದಿದ್ದೆ. 11 ಇದ್ದದ್ದು 17 ಆಗಿತ್ತು, 17 ಇದ್ದದ್ದು 11. ಮರದಲ್ಲಿ 11ನ್ನು ಹುಡುಕಿದೆ. ಇರುಳುಗಪ್ಪೆ ಅಂತ ಬರೆದುಕೊಂಡಿದ್ದ ಅದು ಪೊದೆಗಪ್ಪೆಗಳ ಕೊಂಬೆಯಲ್ಲಿ ಹಾಯಾಗಿ ಕೂತಿತ್ತು. ಗಡಿಬಿಡಿಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಕಂಪ್ಯೂಟರ್ ಅದೇ ಮರವನ್ನು 1000 ಸಲ ಮರುಪರೀಕ್ಷೆ ಮಾಡಿ ಟ್ಯೂಬ್ 17 ಕೂತಿದ್ದ ಕೊಂಬೆಗೆ 100ಕ್ಕೆ 99 ಅಂಕ ಕೊಟ್ಟಿತ್ತು. ಅದರ ತಪ್ಪಿಲ್ಲ, ಟ್ಯೂಬಿನೊಳಗಿನ ಡಿಎನ್ಎ ಇರುಳುಗಪ್ಪೆಯದೇ ಅಲ್ವಾ?

ಎರಡೂ ಮಾದರಿ ಬಿಸಾಕಿದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಹಳ್ಳಕ್ಕೆ ಹೋದೆ. ಈ ಸಲ ಜೇಬಿನಲ್ಲಿ ಪೆನ್ಸಿಲ್ ಇತ್ತು, ಪ್ರತಿ ಟ್ಯೂಬಿನ ಒಳಗೂ ಒಂದೊಂದು ಕಾಗದದ ಚೂರು.