ಗ್ಯಾರೇಜಿನ ಗೋಡೆಗೆ ಕೈಬರಹದ ಕನ್ನಡ ಫಲಕ: ನನ್ನ ಅನುಭವ

ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ತಂದೆಯವರ ಯೆಜ್ಡಿ ಮೋಟಾರ್‌ಸೈಕಲ್ ಇದೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಅಲ್ಲಿಂದ ಬಂದಿದ್ದ ಗಾಡಿಗಳನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡಿರುವವರಿಗೆ ಅವುಗಳ ಮೇಲೆ ಎಂಥ ಅಕ್ಕರೆಯಿರುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಆ ಗಾಡಿಯ ಹಿಂದಿನ ಗೋಡೆಯ ಮೇಲೆ ‘ಅಪ್ಪಾಜಿ ಗ್ಯಾರೇಜು’ ಎಂದು ಎರಡು ಸಾಲಿನಲ್ಲಿ ಬಣ್ಣದಿಂದಲೇ ಬರೆಯಬೇಕೆಂದು ತೀರ್ಮಾನಿಸಿದೆ. ಫ್ಲೆಕ್ಸ್ ಮುದ್ರಿಸಿ ಅಂಟಿಸುವುದು ಸುಲಭವಿತ್ತು. ಆದರೆ ಗಣಕದ ಅಕ್ಷರವನ್ನು ಹಿಗ್ಗಿಸಿದಾಗ ಸಿಗುವುದು ಪುಸ್ತಕದ ಪುಟಕ್ಕೆಂದು ರೂಪುಗೊಂಡ ಅಕ್ಷರವೇ ಹೊರತು ಗೋಡೆಯ ಅಕ್ಷರವಲ್ಲ. ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು, ಯಾವ ಸುಳಿಯನ್ನು ಎಲ್ಲಿ ಬಾಗಿಸಬೇಕು ಎಂಬುದನ್ನು ಆ ಗೋಡೆಯನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.

ತುಮಕೂರಿನಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಹಾಗಾಗಿ ಗೋಡೆ ಚೆನ್ನಾಗಿ ಒಣಗಿರುವ ಫೆಬ್ರವರಿಯಲ್ಲಿ ಕೆಲಸಕ್ಕೆ ಕೈಹಾಕಿದೆ. ಆದರೂ ಗೋಡೆಯ ಒಳಗೆ ತೇವವಿದೆಯೇ ಎಂದು ಪರೀಕ್ಷಿಸದೆ ಮುಂದುವರಿಯಲಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆದು ನೋಡಿದರೆ ಸಾಕು; ಒಳಬದಿಯಲ್ಲಿ ನೀರಿನ ಹನಿ ಕಟ್ಟಿದ್ದರೆ ಆ ಗೋಡೆ ಇನ್ನೂ ಬಣ್ಣಕ್ಕೆ ಸಿದ್ಧವಾಗಿಲ್ಲವೆಂದೇ ಅರ್ಥ. ಹೊಸದಾಗಿ ಪ್ಲಾಸ್ಟರ್ ಮಾಡಿದ ಗೋಡೆಯಾದರೆ ಇನ್ನೂ ಹೆಚ್ಚು ಕಾಯಬೇಕು. ಸಿಮೆಂಟಿನಲ್ಲಿರುವ ಕ್ಷಾರವು ಎನಾಮಲ್ ಬಣ್ಣದ ಎಣ್ಣೆಯ ಅಂಶದೊಡನೆ ಸೇರಿ ಅದನ್ನು ಸಾಬೂನಿನಂತೆ ಮೆತ್ತಗಾಗಿಸುತ್ತದೆ, ಕೊನೆಗೆ ಬಣ್ಣವು ಪದರ ಪದರವಾಗಿ ಏಳುತ್ತದೆ. ಕನಿಷ್ಠ ನಾಲ್ಕು ವಾರವಾದರೂ ಬಿಡುವುದು ವಾಡಿಕೆ. ನಮ್ಮದು ಹಳೆಯ ಗೋಡೆಯಾದ್ದರಿಂದ ಆ ಚಿಂತೆಯಿರಲಿಲ್ಲ, ಆದರೆ ಹಳೆಯ ಡಿಸ್ಟೆಂಪರ್ (ನೀರಿನಲ್ಲಿ ಕಲಸಿ ಹಚ್ಚುವ ಗೋಡೆಬಣ್ಣ) ಇತ್ತು. ಡಿಸ್ಟೆಂಪರಿನ ಮೇಲೆ ಎಂಥ ಒಳ್ಳೆಯ ಬಣ್ಣ ಹಚ್ಚಿದರೂ ಅದು ಗೋಡೆಯನ್ನು ಹಿಡಿಯುವುದಿಲ್ಲ, ಡಿಸ್ಟೆಂಪರಿನ ಪುಡಿಯನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದ ಫಲಕ ಬರುವ ಜಾಗವನ್ನು ನೀರು ಹಚ್ಚಿ ನೆನೆಸಿ, ಪೂರ್ತಿಯಾಗಿ ಕೆರೆದು ತೆಗೆದೆ.

ಹಳೆಯ ಬಣ್ಣವನ್ನು ಒಣಗಿರುವಾಗ ಉಜ್ಜಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ಕಟ್ಟಳೆ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ, ಬಾಗಿಲು, ಗೋಡೆಪಟ್ಟಿಗಳ ಎನಾಮಲ್ಲಿನಲ್ಲಿ ಸೀಸ ಇದ್ದಿರುವ ಸಾಧ್ಯತೆಯಿದೆ, ಮತ್ತು ಅದರ ಧೂಳು ಮಕ್ಕಳಿರುವ ಮನೆಗೆ ಬಹಳ ಕೆಟ್ಟದ್ದು.

ಕೆರೆದ ಜಾಗಕ್ಕೆ ಪ್ರೈಮರ್ ಎಂಬ ತಳಬಣ್ಣ ಹೊಡೆದು, ತಗ್ಗು ತುಂಬುವ ಪುಟ್ಟಿಯನ್ನು ತೆಳುವಾಗಿ ಎರಡು ಸಲ ಎಳೆದು, 180ರ ಒರಟು ಉಜ್ಜುಕಾಗದದಿಂದ ಆರಂಭಿಸಿ 320ರ ನಯವಾದದ್ದರಲ್ಲಿ ಮುಗಿಸಿ, ಮತ್ತೊಮ್ಮೆ ಪ್ರೈಮರ್ ಹೊಡೆದೆ. ಬಲ್ಬನ್ನು ಗೋಡೆಗೆ ಓರೆಯಾಗಿ ಹಿಡಿದರೆ ಕೈಗೆ ಸಿಗದ ಉಬ್ಬುತಗ್ಗುಗಳೂ ನೆರಳಾಗಿ ಕಾಣುತ್ತವೆ. ಹಿನ್ನೆಲೆಗೆ ನೀರು ಆಧಾರದ ಮಾಸಲು ಹಳದಿ ಎಮಲ್ಷನ್, ಅಕ್ಷರಕ್ಕೆ ಗಾಡಿಯ ಟ್ಯಾಂಕಿನ ಬಣ್ಣಕ್ಕೆ ಹೊಂದುವ ಮರೂನ್ ಎನಾಮಲ್ ಎಂದು ಆರಿಸಿಕೊಂಡೆ.

ಇನ್ನು ಅಕ್ಷರಗಳ ವಿಷಯ. ಗೇಟಿನಿಂದ ಆ ಗೋಡೆಗೆ ಸುಮಾರು ಮೂವತ್ತು ಅಡಿ ದೂರವಿದೆ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರು ಪಾಲಿಸುವ ಲೆಕ್ಕ. ಅದರಂತೆ ಮೂರು ಅಂಗುಲ ಸಾಕಾಗಿದ್ದರೂ ಗೋಡೆ ತುಂಬಿ ಕಾಣಲೆಂದು ಅಕ್ಷರದ ಒಡಲಿಗೆ ಆರು ಅಂಗುಲ ಇಟ್ಟುಕೊಂಡೆ. ಆದರೆ ಕನ್ನಡದಲ್ಲಿ ಒಡಲಿನ ಅಳತೆಯೊಂದೇ ಸಾಲದು. ಮೇಲೆ ತಲೆಕಟ್ಟು, ಗುಡಿಸು, ಏತ್ವಗಳಿಗೆ ಎರಡು ಅಂಗುಲ, ಕೆಳಗೆ ಒತ್ತಿಗೆ ನಾಲ್ಕು ಅಂಗುಲ ಸೇರಿಸಿ ಒಂದು ಸಾಲಿಗೆ ಒಂದು ಅಡಿಯನ್ನೇ ಮೀಸಲಿಟ್ಟೆ. ಇಂಗ್ಲಿಷ್ ಫಲಕದ ಅಳತೆಯಲ್ಲಿ ಕನ್ನಡವನ್ನು ತುರುಕಿ, ಒತ್ತಕ್ಷರಗಳನ್ನು ಹಿಚುಕಿ ಚಪ್ಪಟೆ ಮಾಡಿರುವ ಫಲಕಗಳನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ.

ನನ್ನ ಎರಡು ಸಾಲುಗಳಲ್ಲಿ ಬಹಳ ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ಪಾ ಅಕ್ಷರದ ಒತ್ತು. ಅದು ಮೊದಲ ಸಾಲಿನಿಂದ ಕೆಳಗಿಳಿದು ಎರಡನೆಯ ಸಾಲಿನ ರೇ ಅಕ್ಷರದ ಏತ್ವಕ್ಕೆ ತಾಗುವಂತಿತ್ತು. ಸಾಲುಗಳ ನಡುವೆ ಅಂತರ ಹೆಚ್ಚಿಸಿದರೆ ಎರಡು ಪದಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತಿದ್ದವು. ಕಾಗದದ ಮೇಲೆ ಸಾಲುಗಳನ್ನು ಜರುಗಿಸಿ ನೋಡುತ್ತಿದ್ದಾಗ ಗ್ಯಾ ಅಕ್ಷರದಲ್ಲಿಯೇ ಪರಿಹಾರ ಸಿಕ್ಕಿತು. ಯ ಒತ್ತಿನ ಬಾಲವು ಕೆಳಗೆ ಬಲಕ್ಕೆ ಚಾಚಿಕೊಂಡು ಮುಂದಿನ ರೇ ಅಕ್ಷರವನ್ನು ದೂರ ತಳ್ಳುತ್ತದೆ, ಅದರಿಂದಾಗಿ ಗ್ಯಾ ಮತ್ತು ರೇ ನಡುವೆ ಮೇಲ್ಭಾಗದಲ್ಲಿ ಒಂದು ಖಾಲಿ ಜಾಗ ತಾನಾಗಿ ಉಳಿಯುತ್ತದೆ. ಎರಡನೆಯ ಸಾಲನ್ನು ಸ್ವಲ್ಪ ಬಲಕ್ಕೆ ಸರಿಸಿದೊಡನೆ ಪ ಒತ್ತು ಸರಿಯಾಗಿ ಆ ಖಾಲಿ ಜಾಗದಲ್ಲಿ ಬಂದು ಕುಳಿತಿತು, ಎರಡು ಸಾಲುಗಳೂ ಒಂದಕ್ಕೊಂದು ಬೆಸೆದುಕೊಂಡವು.

ಇನ್ನೊಂದು ಸೂಕ್ಷ್ಮವಿದೆ. ಪ, ಗ, ರ ಅಕ್ಷರಗಳಿಗೆ ತಲೆಕಟ್ಟು ಇರುತ್ತದೆ, ಜ ಅಕ್ಷರಕ್ಕಾಗಲಿ ಅ ಸ್ವರಕ್ಕಾಗಲಿ ಇಲ್ಲ. ಎಲ್ಲವನ್ನೂ ಒಂದೇ ಗೆರೆಗೆ ಕಟ್ಟುನಿಟ್ಟಾಗಿ ನಿಲ್ಲಿಸಿದರೆ ತಲೆಕಟ್ಟಿಲ್ಲದ ದುಂಡನೆಯ ಅಕ್ಷರಗಳು ಕುಗ್ಗಿದಂತೆ ಕಾಣುತ್ತವೆ. ಅ ಮತ್ತು ಜ ಎರಡನ್ನೂ ಗೆರೆಗಿಂತ ಒಂದು ನೂಲಿನಷ್ಟು ಮೇಲಕ್ಕೂ ಕೆಳಕ್ಕೂ ಬೆಳೆಸಿದಾಗ ಕಣ್ಣಿಗೆ ಸಮನಾದವು. ಅಕ್ಷರಗಳ ನಡುವಿನ ಅಂತರವನ್ನೂ ಅಳತೆಪಟ್ಟಿಯಿಂದ ನಿರ್ಧರಿಸಲಾಗದು. ಕಾಗದವನ್ನು ಗೋಡೆಗೆ ಅಂಟಿಸಿ, ಗೇಟಿನ ಬಳಿ ನಿಂತು, ಕಣ್ಣು ಕಿರಿದು ಮಾಡಿ ನೋಡಿಯೇ ತಿದ್ದಬೇಕು.

ಪೂರ್ಣ ಅಳತೆಯ ಚಿತ್ರವನ್ನು ಕಂದು ಕಾಗದದ ಮೇಲೆ ಬರೆದು, ಅಂಚಿನುದ್ದಕ್ಕೂ ಕಾಲು ಅಂಗುಲಕ್ಕೊಂದರಂತೆ ಸೂಜಿಯಿಂದ ಚುಚ್ಚಿ, ಹಿಂಬದಿಯಲ್ಲಿ ಎದ್ದ ಮುಳ್ಳುಗಳನ್ನು ಉಜ್ಜುಕಾಗದದಿಂದ ನಯಗೊಳಿಸಿದೆ. ಗೋಡೆಯ ಮೇಲೆ ರಸಮಟ್ಟ ಹಿಡಿದು, ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಎಳೆದು ಬಿಟ್ಟು ಗೆರೆ ಹೊಡೆದು, ಆ ಗೆರೆಗೆ ಕಾಗದವನ್ನು ಸರಿಹೊಂದಿಸಿ ಅಂಟಿಸಿದೆ. ತೆಳುಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ರಂಧ್ರಗಳ ಮೂಲಕ ಪುಡಿ ಇಳಿದು, ಕಾಗದ ತೆಗೆದಾಗ ಗೋಡೆಯ ಮೇಲೆ ರಂಗೋಲಿಯ ಚುಕ್ಕಿಗಳಂತೆ ಅಕ್ಷರ ಮೂಡಿರುತ್ತದೆ. ಒರೆಸಿದರೆ ಅಳಿಯುವ ಗುರುತು ಇದು. ಪೆನ್ಸಿಲ್ಲಿನಂತೆ ತಿಳಿಬಣ್ಣದಡಿಯಿಂದ ಇಣುಕುವುದಿಲ್ಲ.

ಬ್ರಷ್ಷಿನ ಕೆಲಸವನ್ನು ನಾನು ಕಲಿತದ್ದು ತುಮಕೂರಿನ ಮಂಡಿಪೇಟೆಯ ಅಂಗಡಿಗಳಿಗೆ ಬಹುಕಾಲ ಬೋರ್ಡು ಬರೆದ ಹಿರಿಯರೊಬ್ಬರಿಂದ. “ಬಣ್ಣ ತುಂಬ್ಕೊಂಡು ಒಂದೇ ಸಲ ಎಳೀರಿ ಸಾರ್, ತೀಡಬೇಡಿ” ಎಂದು ಅವರು ಹೇಳಿದ್ದನ್ನೇ ಪಾಲಿಸಿದೆ. ಚಪ್ಪಟೆ ತುದಿಯ ಮೆದುಗೂದಲಿನ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಳೆಯ ಟೈಲ್ಸಿನ ಮೇಲೆ ಎರಡೂ ಬದಿ ಎಳೆದು ಕೂದಲನ್ನು ಉಳಿಯ ಮೊನೆಯಂತೆ ಸಮ ಮಾಡಿಕೊಳ್ಳಬೇಕು. ಎನಾಮಲ್ಲಿಗೆ ಟರ್ಪೆಂಟೈನನ್ನು ಕೆಲವೇ ಹನಿ ಬೆರೆಸಬೇಕು. ಬ್ರಷ್ಷು ಅಡ್ಡಿಯಿಲ್ಲದೆ ಸರಿಯಬೇಕು, ಆದರೆ ಬಣ್ಣ ಗೋಡೆಯ ಮೇಲೆ ಸೋರಿ ಇಳಿಯಬಾರದು. ದುಂಡು ಭಾಗಗಳನ್ನು ಒಂದೇ ಸುತ್ತಿನಲ್ಲಿ ಬರೆಯಲು ಹೋಗದೆ, ಮೇಲಿನಿಂದ ಎಡಕ್ಕೊಂದು, ಮೇಲಿನಿಂದ ಬಲಕ್ಕೊಂದು ಎಂದು ಎರಡು ಎಳೆತಗಳಲ್ಲಿ ತಂದು ಕೆಳಗೆ ಕೂಡಿಸಿದೆ. ತುದಿಗೆ ಬಟ್ಟೆ ಸುತ್ತಿದ ಬಿದಿರುಕೋಲನ್ನು ಎಡಗೈಯಲ್ಲಿ ಗೋಡೆಗೆ ಆನಿಸಿ, ಬಲಗೈಯನ್ನು ಅದರ ಮೇಲೆ ಇಟ್ಟುಕೊಂಡರೆ ಕೈ ನಡುಗುವುದಿಲ್ಲ, ಹಸಿ ಬಣ್ಣಕ್ಕೆ ತಾಗುವುದೂ ಇಲ್ಲ.

ನೆರಳನ್ನು ಬೂದುಬಣ್ಣದಲ್ಲಿ ಅಕ್ಷರದ ಬಲಕ್ಕೆ ಮತ್ತು ಕೆಳಕ್ಕೆ ಎಳೆದೆ, ಏಕೆಂದರೆ ಗ್ಯಾರೇಜಿಗೆ ಬೆಳಕು ಬರುವುದು ಎಡಗಡೆಯ ಕಿಟಕಿಯಿಂದ. ಅಕ್ಷರಕ್ಕೂ ನೆರಳಿಗೂ ನಡುವೆ ಹಿನ್ನೆಲೆಯ ಹಳದಿ ಕಾಣುವಂತೆ ಸಣ್ಣ ಎಡೆ ಬಿಟ್ಟದ್ದರಿಂದ ಎರಡು ಬಣ್ಣಗಳು ಕೂಡುವ ತೊಂದರೆಯೂ ತಪ್ಪಿತು, ಅಕ್ಷರವೂ ಗೋಡೆಯಿಂದ ಎದ್ದು ನಿಂತಂತಾಯಿತು.

ಈ ಕೆಲಸ ನಡೆಯುವಷ್ಟು ದಿನ ಗಾಡಿಯನ್ನು ಹೊರಗೆ ನಿಲ್ಲಿಸಿ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟಿದ್ದೆ. ಪೆಟ್ರೋಲಿನ ಆವಿಯಿರುವ ಕಡೆ ಟರ್ಪೆಂಟೈನಿನ ಆವಿಯೂ ಸೇರುವುದು ಅಪಾಯ. ಬಣ್ಣ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಹಾಕದೆ ಹೊರಗೆ ಹರಡಿ ಒಣಗಿಸಿದೆ. ಒಣಗಿದ ಮೇಲೆ ಬರವಣಿಗೆಗೆ ವಾರ್ನಿಷ್ ಹಚ್ಚಲಿಲ್ಲ. ಎಣ್ಣೆ ಆಧಾರದ ವಾರ್ನಿಷ್ ಕಾಲಕ್ರಮೇಣ ಹಳದಿಗಟ್ಟುತ್ತದೆ, ಒಳಗೋಡೆಯ ಎನಾಮಲ್ಲಿಗೆ ಅದು ಬೇಕಾಗಿಯೂ ಇಲ್ಲ. ಎಂಜಿನ್ ಎಣ್ಣೆಯ ಕೈಗುರುತು ಬಿದ್ದರೆ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಮರೂನ್ ಮತ್ತು ಬೂದುಬಣ್ಣಗಳನ್ನು ಸ್ವಲ್ಪ ಸ್ವಲ್ಪ ಸಣ್ಣ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿ, ಬೆರೆಸಿದ ಪ್ರಮಾಣವನ್ನು ಮೇಲೆ ಬರೆದು ತೆಗೆದಿಟ್ಟಿದ್ದೇನೆ.