ಮೂಗಿನಿಂದಲೇ ಉಸಿರಿಗೆ ಆಸರೆ: ಎಳೆಗೂಸಿಗೆ ಬಬಲ್ ಸಿಪ್ಯಾಪ್ ಹಾಕುವುದು ಹೇಗೆ?

ದಿನ ತುಂಬದೆ, ಅದರಲ್ಲೂ 34 ವಾರಕ್ಕೂ ಮೊದಲೇ ಹುಟ್ಟಿದ ಮಗುವಿನ ಶ್ವಾಸಕೋಶದಲ್ಲಿ ಹಲವೊಮ್ಮೆ ಸರ್ಫ್ಯಾಕ್ಟೆಂಟ್ ಸಾಲದು. ಗಾಳಿಚೀಲಗಳು ಅಂಟಿಕೊಳ್ಳದಂತೆ ಕಾಯುವ ದ್ರವ ಅದು. ಅದಿಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಚೀಲಗಳು ಮುಚ್ಚಿಹೋಗುತ್ತವೆ. ಉಸಿರು ನಿಮಿಷಕ್ಕೆ 60 ದಾಟುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಹೊಳ್ಳೆ ಅರಳುತ್ತದೆ, ಮಗು ನರಳುತ್ತದೆ. ಇಷ್ಟಕ್ಕೇ ಶ್ವಾಸನಾಳಕ್ಕೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕಬೇಕೆಂದಿಲ್ಲ. ವೆಂಟಿಲೇಟರ್ ಎಳೆಯ ಶ್ವಾಸಕೋಶವನ್ನು ಘಾಸಿಗೊಳಿಸಬಲ್ಲದು. ತಾನಾಗಿ ಉಸಿರಾಡುವ ಎಷ್ಟೋ ಮಕ್ಕಳಿಗೆ ಬಬಲ್ ಸಿಪ್ಯಾಪ್ ಸಾಕಾಗುತ್ತದೆ, ತಡಮಾಡದೆ ಹಾಕಿದರೆ. ಮೂಗಿನ ಮೂಲಕ ಸದಾ ಸಣ್ಣ ಒತ್ತಡದಲ್ಲಿ ಗಾಳಿ ಕೊಟ್ಟು, ಗಾಳಿಚೀಲಗಳು ಮುಚ್ಚದಂತೆ ನೋಡಿಕೊಳ್ಳುವ ಸಾಧನ ಅದು.

ಮೊದಲು ಬಾಟಲಿ. ಶುದ್ಧೀಕರಿಸಿದ ನೀರು ತುಂಬಿ, ಉಸಿರು ಹೊರಬರುವ ಕೊಳವೆಯ ತುದಿಯನ್ನು ನೀರಿನ ಮಟ್ಟದಿಂದ 5 ಸೆಂ.ಮೀ. ಕೆಳಗಿಡಿ. ಆ ಆಳವೇ ಒತ್ತಡ: 5 ಸೆಂ.ಮೀ. ಆಳವಿದ್ದರೆ ಒತ್ತಡ 5. ಗಾಳಿ ಮತ್ತು ಆಮ್ಲಜನಕದ ಮಿಶ್ರಣ ನಿಮಿಷಕ್ಕೆ 5ರಿಂದ 8 ಲೀಟರ್ ಹರಿಯಲಿ. ಹ್ಯುಮಿಡಿಫೈಯರ್ ಅದನ್ನು 37 ಡಿಗ್ರಿಗೆ ಬಿಸಿ ಮಾಡಿ ತೇವಗೊಳಿಸಲಿ. ಒಣ, ತಣ್ಣನೆ ಗಾಳಿಗೆ ಮೂಗಿನಲ್ಲಿ ಕಫ ಗಟ್ಟಿಯಾಗುತ್ತದೆ.

ಮುಂದಿನದು ಪ್ರಾಂಗ್ಸ್, ಅಂದರೆ ಮೂಗಿನ ಹೊಳ್ಳೆಗಳಿಗೆ ಇಡುವ ಪುಟ್ಟ ಜೋಡಿ ಕೊಳವೆ. ಹೊಳ್ಳೆ ತುಂಬಬೇಕು, ಆದರೆ ಚರ್ಮ ಬಿಳಿಚಬಾರದು. ಮೂಗಿನ ನಡುಗೋಡೆಗೆ ಪ್ರಾಂಗ್ಸ್‌ನ ಬುಡ ತಾಗದಂತೆ 2 ಮಿ.ಮೀ. ಜಾಗ ಬಿಡಿ. ಈ ಸಣ್ಣ ಜಾಗವನ್ನು ಮರೆತರೆ ನಡುಗೋಡೆ ಹುಣ್ಣಾಗಿ ಕೊಳೆಯುತ್ತದೆ, ಮೂಗಿನ ಆಕಾರವೇ ಕೆಡಬಹುದು. ಆಗಾಗ ಬಿಚ್ಚಿ ನೋಡಲೇಬೇಕು. ಬಾಯಿಯಿಂದ ಹೊಟ್ಟೆಗೆ ತೆಳು ನಳಿಕೆ ಹಾಕಿ ತುದಿ ತೆರೆದಿಡಿ, ಇಲ್ಲದಿದ್ದರೆ ಗಾಳಿ ಸೇರಿ ಹೊಟ್ಟೆ ಉಬ್ಬರಿಸುತ್ತದೆ.

ಗುಳ್ಳೆ ನಿಂತರೆ ಎಲ್ಲೋ ಸೋರಿಕೆಯಿದೆ. ಮಗುವಿನ ಬಾಯಿ ತೆರೆದಿದೆಯೇ, ಪ್ರಾಂಗ್ಸ್ ಚಿಕ್ಕದಾಯಿತೇ, ಜೋಡಣೆ ಸಡಿಲವೇ ಎಂದು ಕ್ರಮವಾಗಿ ನೋಡಿ. ಗುಳ್ಳೆ ಬರುತ್ತಿದ್ದರೂ ನೆಮ್ಮದಿ ಬೇಡ: ಕೊಳವೆಯಲ್ಲಿ ಇಳಿದ ನೀರು ಬಾಟಲಿ ಸೇರಿ ಮಟ್ಟ ಏರಿದರೆ ಒತ್ತಡವೂ ಏರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದಾಗ ಗಾಳಿ ಒದಗಿಸುವ ಕಂಪ್ರೆಸರ್ ನಿಂತು ಬರೀ ಆಮ್ಲಜನಕ ಹೋಗುವ ಅಪಾಯವಿದೆ. ಅತಿಯಾದ ಆಮ್ಲಜನಕ ಎಳೆಗಣ್ಣಿನ ರೆಟಿನಾಕ್ಕೆ ಹಾನಿ. ರಕ್ತದ ಆಮ್ಲಜನಕ ಶೇ 90ರಿಂದ 95ರೊಳಗಿರಲಿ. ಜನರೇಟರ್ ಬ್ಯಾಕಪ್ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಒತ್ತಡ 6ಕ್ಕೆ ಏರಿಸಿದರೂ ಮಿಶ್ರಣದಲ್ಲಿ ಶೇ 30ಕ್ಕಿಂತ ಹೆಚ್ಚು ಆಮ್ಲಜನಕ ಬೇಕೆನಿಸಿದರೆ ಸರ್ಫ್ಯಾಕ್ಟೆಂಟ್ ಕೊಡುವ ಹೊತ್ತು. ಇಲ್ಲೂ ದಪ್ಪ ನಳಿಕೆ ಬೇಡ. ಸಿಪ್ಯಾಪ್ ತೆಗೆಯದೆ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನಲ್ಲಿ ನೋಡುತ್ತಾ, ತೆಳು ಕ್ಯಾಥೆಟರನ್ನು ಧ್ವನಿತಂತುಗಳ ಆಚೆ 1ರಿಂದ 2 ಸೆಂ.ಮೀ. ಇಳಿಸಿ ಔಷಧಿಯನ್ನು ಒಂದರಿಂದ ಮೂರು ನಿಮಿಷದಲ್ಲಿ ನಿಧಾನವಾಗಿ ಬಿಡುತ್ತಾರೆ. ಪೊರಾಕ್ಟೆಂಟ್ ಎಂಬ ಬಗೆಯ ಸರ್ಫ್ಯಾಕ್ಟೆಂಟ್ ಆದರೆ ಕಿಲೋಗೆ 200 ಮಿ.ಗ್ರಾಂ., ಅಂದರೆ ಒಂದು ಕಿಲೋ ಮಗುವಿಗೆ 2.5 ಮಿ.ಲೀ. ಮಗು ತಾನೇ ಉಸಿರೆಳೆದು ಅದನ್ನು ಒಳಗೆ ಹರಡಿಕೊಳ್ಳುತ್ತದೆ. ಹೃದಯ ಬಡಿತ ಇಳಿದರೆ ಅಥವಾ ಔಷಧಿ ಬಾಯಿಗೆ ಉಕ್ಕಿದರೆ ನಿಲ್ಲಿಸಿ, ಸುಧಾರಿಸಿದ ಮೇಲೆ ಮುಂದುವರಿಸಬೇಕು. ಇದು ನುರಿತ ವೈದ್ಯರ ಕೈಗೆ ಮಾತ್ರ.

ಮಗು ಪದೇ ಪದೇ ಉಸಿರು ನಿಲ್ಲಿಸಿದರೆ ಅಥವಾ ಬಳಲಿ ಸೋತರೆ ವೆಂಟಿಲೇಟರೇ ಸರಿ, ಆಗ ಹಿಂಜರಿಯಬಾರದು.

ಹೊಸನಗರ, ತೀರ್ಥಹಳ್ಳಿ ಕಡೆಯ ಬಸುರಿಗೆ 34 ವಾರಕ್ಕೂ ಮೊದಲೇ ನೋವು ಶುರುವಾದರೆ, ಹೆರಿಗೆ ತೀರಾ ಸನಿಹವಿಲ್ಲದಿದ್ದಲ್ಲಿ, ಮಗು ಹೊಟ್ಟೆಯಲ್ಲಿರುವಾಗಲೇ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕಳಿಸುವುದು ಒಳ್ಳೆಯದು. ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲೇ, ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಕೊಡುವ ಡೆಕ್ಸಾಮೆಥಸೋನ್ 6 ಮಿ.ಗ್ರಾಂ. ಚುಚ್ಚುಮದ್ದಿನ ಮೊದಲ ಡೋಸ್ ಆಗಿರಲಿ. 12 ಗಂಟೆಗೊಂದರಂತೆ ಒಟ್ಟು ನಾಲ್ಕು ಬೇಕು. ಕೊಟ್ಟ ಸಮಯವನ್ನು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ.